ತಂದೆಯ ಎತ್ತರ

ಭಾನುವಾರ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದವಳು ನಾನು,
ಕೊರಳಲ್ಲಿ ಸೀಟಿ, ಕೈಯಲ್ಲಿ ದರ್ಜಿಯ ಟೇಪು.
ಶಿವಮೊಗ್ಗದ ಈ ಹಾಲಿನಲ್ಲಿ ನಲವತ್ತೊಂದು ಮಕ್ಕಳು,
ಆರು ವರ್ಷ, ಏಳು; ಒಬ್ಬಳಿಗೆ ಮುಂದಿನ ಹಲ್ಲೆರಡೂ ಇಲ್ಲ.
ಹನ್ನೆರಡು ಜನ ಸಾಕು ಅಂದಿದ್ದಾರೆ.

ನನ್ನ ಕೆಲಸ ಅಳೆಯುವುದು.
ನಿಂತ ಎತ್ತರ, ಕೂತ ಎತ್ತರ, ಚಾಚಿದ ತೋಳು,
ಕಾಲು ಅಗಲಿಸಿ ಕೂತಾಗ ನೆಲಕ್ಕೂ ತೊಡೆಗೂ ನಡುವೆ
ಎಷ್ಟು ಬೆರಳು ತೂರುತ್ತವೆ ಎನ್ನುವುದು.
ಹೆದರಿಕೆಗೆ ಕಾಲಂ ಇಲ್ಲ.

ಆಮೇಲೆ ಕಂಬಿಗೆ ಜೋತು ಬೀಳುವುದು. ಸ್ಟಾಪ್‌ವಾಚೂ ನನ್ನದೇ.
ಹದಿನೈದು ಸೆಕೆಂಡಿಗೆ ಉದುರಿದರು ಬಹಳ ಮಂದಿ
ನೇರಳೆಹಣ್ಣಿನ ಹಾಗೆ, ಮ್ಯಾಟಿನ ಮೇಲೆ ತಪತಪ.
ಇಪ್ಪತ್ತೆಂಟನೇ ನಂಬರು, ಗಾನವಿ ಗುತ್ಯಪ್ಪ,
ಮೂವತ್ತು ದಾಟಿ, ನಲವತ್ತು ದಾಟಿ,
ಅರವತ್ತಕ್ಕೆ ಕೇಳಿದಳು: 'ಬಿಡ್ಲಾ ಮಿಸ್?'
ನೆಂಟರ ಮನೆಯಲ್ಲಿ ಎರಡನೇ ಸಲ ಬಡಿಸುವಾಗ
ಸಾಕು ಅನ್ನುವವರ ಸಂಕೋಚದಲ್ಲಿ.

ಎಲ್ಲಿ ಕಲಿತೆ?
'ಅಪ್ಪನ ಬಸ್ಸಲ್ಲಿ. ಶಿರಾಳಕೊಪ್ಪ ಲೈನು.
ಸೀಟು ಜನಕ್ಕೆ, ಕಂಬಿ ನಂಗೆ.'

ಕೋಚ್ ಪೆನ್ನಿನಿಂದ ಕೆನ್ನೆ ತಟ್ಟಿಕೊಂಡರು.
ಹುಡುಗಿ ಸರಿ. ಆದರೆ ಬೆಳೆದುಬಿಟ್ಟರೆ?
ಅಮ್ಮನನ್ನ ಕರೀರಿ.

ಗೋಡೆಯ ಪಟ್ಟಿಗೆ ಬೆನ್ನು ಕೊಟ್ಟರೆ
ಯಾರಾದರೂ ಒಂದಿಷ್ಟು ಉದ್ದವಾಗುತ್ತಾರೆ.
ಪೊಲೀಸ್ ಭರ್ತಿಗೆ ಕೂದಲೊಳಗೆ ಮೇಣ ಮೆತ್ತಿಕೊಂಡು ಬಂದ
ಹುಡುಗರನ್ನು ಕಂಡವಳು ನಾನು.
ಈಕೆ ಇಳಿದಳು.
ಹಿಮ್ಮಡಿ ಗೋಡೆಗೆ ತಾಗಿದೆ, ಕತ್ತು ನೇರ,
ಸೀರೆಯ ನೆರಿಗೆ ಮಾತ್ರ ಮಂಡಿಯ ಹತ್ತಿರ
ಒಂದು ಚೂರು ಮುಂದೆ.
ಗಾರ್ಮೆಂಟ್ಸಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಲ್ಲುವ ಮಂಡಿ
ಈಗ ಸಣ್ಣಗೆ ನಡುಗುತ್ತಿತ್ತು.
ನೂರಾ ಐವತ್ತೆರಡು, ಅಂತ ಗಟ್ಟಿಯಾಗಿ ಓದಿದೆ.

ತಂದೆ?
'ಡ್ಯೂಟಿ ಮೇಲಿದ್ದಾರೆ ಮೇಡಂ. ಸುಮಾರು, ನನ್ನಷ್ಟೇ.'
ಅಷ್ಟರಲ್ಲಿ ಕೆಳಗಿನಿಂದ, ಹೆಮ್ಮೆ ತಡೆಯಲಾರದ ದನಿ:
'ಸುಳ್ಳು! ನಮ್ಮಪ್ಪ ಬಸ್ಸೊಳಗೆ
ತಲೆ ಬಗ್ಗಿಸ್ಕೊಂಡೇ ಟಿಕೆಟ್ ಹರಿಯೋದು.'

ಒಂದು ಗಳಿಗೆ ಬರೀ ಫ್ಯಾನಿನ ಸದ್ದು.
ಯಾರೂ ಹೇಳದೆ ಅಮ್ಮನ ಮಂಡಿ ನೆಟ್ಟಗಾಯಿತು.

ನನ್ನದೂ ಒಂದು ಹಾಳೆ ಎಲ್ಲೋ ಕಪಾಟಿನಲ್ಲಿ ಇರಬೇಕು,
'ಬೆಳೆಯುವ ಸಂಭವ' ಅಂತ ಕೆಂಪು ಶಾಯಿಯಲ್ಲಿ ಬರೆದದ್ದು.
ಬೆಳೆದೆ ಕೂಡ.
ಅವರ ಲೆಕ್ಕ ತಪ್ಪಿರಲಿಲ್ಲ,
ಅದೇ ಬೇಜಾರು.

ಕಾಲಂ ಖಾಲಿ ಬಿಡುವಂತಿಲ್ಲ.
ತಂದೆಯ ಎತ್ತರ: ಹಾಜರಿಲ್ಲ.
ಬರೆದು, ಹಾಳೆ ಮಗುಚಿ, ಇಪ್ಪತ್ತೊಂಬತ್ತು ಅಂತ ಕೂಗಿದೆ.

ಚಿತ್ರಾನ್ನದ ಬಿಡುವಿನಲ್ಲಿ ತಿರುಗಿ ನೋಡಿದರೆ
ಗೋಡೆಯ ಪಟ್ಟಿಗೆ ಒರಗಿ, ತುದಿಗಾಲಲ್ಲಿ,
ನೆತ್ತಿಯ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು
ಆ ಹಲ್ಲಿಲ್ಲದವಳಿಗೆ ಹೇಳುತ್ತಿದ್ದಳು:
'ನೋಡೇ, ಬೆಳಿಗ್ಗೆಗಿಂತ ಜಾಸ್ತಿ ಆಗಿದೀನಿ.'