ಒಂದು ಸಲ ಸುಡಲಿ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಬೋರ್ಡಿನಲ್ಲಿ ಇನ್ನೂ ‘ರಫಾಯಿಲ್ ರೇಡಿಯೋ ವರ್ಕ್ಸ್’.
ರಫಾಯಿಲ್ ಮೇಸ್ತ್ರಿ ಹೋಗಿ ಹನ್ನೊಂದು ವರ್ಷ.
ಬೋರ್ಡು ಬದಲಿಸಲು ನನಗೇನೂ ಅವಸರವಿಲ್ಲ,
ಬೆಸುಗೆ ಕಡ್ಡಿಯೂ ಅವರದೇ.

ಇವತ್ತು ಬೆಂಚಿನ ಮೇಲೆ ಎರಡು ಆಂಪ್ಲಿಫೈಯರು.

ಒಂದು ಪ್ಲಾಂಟರುಗಳ ಕ್ಲಬ್ಬಿನದು.
ಹಡಗಿನಲ್ಲಿ ಬಂದದ್ದು, ಅರವತ್ತನಾಲ್ಕನೇ ಇಸವಿ,
ಇಬ್ಬರು ಹಿಡಿದರೇ ಏಳುವುದು.
ಬೆನ್ನಿನ ಹಲಗೆ ಬಿಚ್ಚಿದರೆ ಕಣಜದ ಮಣ್ಣುಗೂಡು,
ಬಿಲಿಯರ್ಡ್ಸಿನ ನೀಲಿ ಸುಣ್ಣದ ತುಂಡು,
ಯಾವುದೋ ಕುಣಿತದ ರಾತ್ರಿಯ ಹೇರ್‌ಪಿನ್ನು.
ಒಂದೊಂದು ತಂತಿಯನ್ನೂ ಕೈಯಲ್ಲೇ ಎಳೆದು ಕಟ್ಟಿದ್ದಾರೆ,
ಬೆರಳು ತೂರಲು ಜಾಗವಿದೆ.

ಇನ್ನೊಂದು ದೇಚುವಿನದು.
ಬೆಳಗ್ಗೆ ಹೋಂಸ್ಟೇ ಅಡುಗೆಮನೆಯಲ್ಲಿ ಕಡಂಬುಟ್ಟು ಬೇಯಿಸಿ
ಶನಿವಾರ ರಾತ್ರಿ ಬೆಂಕಿಯ ಪಕ್ಕ ಗಿಟಾರು ನುಡಿಸುವ ಹುಡುಗಿ.
ಹನ್ನೆರಡು ಕಂತು, ಒಂಬತ್ತು ಕಟ್ಟಿಯಾಗಿದೆ.
ಚೀನಾದ ಕಾರ್ಖಾನೆ. ಹಸಿರು ಹಲಗೆಯ ಮೇಲೆ
ಇರುವೆ ಸಾಲಿನ ಹಾಗೆ ಬಿಡಿಭಾಗ,
ನನ್ನ ಕನ್ನಡಕದ ಮೇಲೊಂದು ಕನ್ನಡಕ ಬೇಕು.
ವಾಲ್ವು ಮಾತ್ರ ಅದೇ ಜಾತಿ, ಅದೇ ನಂಬರು:
ಇ ಎಲ್ ಎಂಬತ್ತನಾಲ್ಕು, ಒಂದು ಜೊತೆ.

ಕ್ಲಬ್ಬಿನ ಕುಟ್ಟಪ್ಪ ಫೋನಿನಲ್ಲಿ ಹೇಳಿದ್ದು:
“ಎಲ್ಲ ಒರಿಜಿನಲ್ ಅಂತ ಒಂದು ಚೀಟಿ ಬರೆದುಕೊಡು.
ಮುಂಬಯಿಯವನೊಬ್ಬ ಎರಡು ಲಕ್ಷಕ್ಕೆ ಸಿದ್ಧ ಇದ್ದಾನೆ.”
ದೇಚು ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೇಳಿದ್ದು:
“ನಂದು ಅದಕ್ಕಿಂತ ಎಷ್ಟು ಕಮ್ಮಿ? ಸುಳ್ಳು ಬೇಡ.”

ಸಂಜೆ ಆರೂವರೆ. ಪೇಟೆಯ ದೀಪ ಹೊತ್ತಿತೆಂದರೆ
ನಮ್ಮ ಓಣಿಯ ಕರೆಂಟು ನೂರೆಂಬತ್ತಕ್ಕೆ ಕೂರುತ್ತದೆ.
ಸ್ಟೆಬಿಲೈಸರು ಟಕ್ ಎಂದಿತು. ಎರಡನ್ನೂ ಕಾಯಿಸಿದೆ.
ವಾಲ್ವಿನ ಹತ್ತಿರ ಅವಸರ ನಡೆಯುವುದಿಲ್ಲ.
ಮೊದಲು ಧೂಳು ಸುಡುವ ವಾಸನೆ,
ಆಮೇಲೆ ಕೆಂಡ,
ಆಮೇಲಷ್ಟೇ ದನಿ.

ಮೆಲ್ಲಗೆ ನುಡಿಸಿದಾಗ ಎರಡೂ ಸಭ್ಯರೇ,
ಮದುವೆ ಪಂಕ್ತಿಯಲ್ಲಿ ಕೂತ ದೂರದ ನೆಂಟರ ಹಾಗೆ.
ಗುಣ ಗೊತ್ತಾಗುವುದು ಒಡೆಯುವಾಗ.

ದೇಚು ಗುಂಡಿ ತಿರುಗಿಸಿ ವಾಲಗದ ಮಟ್ಟು ಹಿಡಿದಳು.
ಹಳೆಯದು ಕಾಚಂಪುಳಿ:
ಕಪ್ಪಗೆ, ಮಂದವಾಗಿ, ಮೊದಲು ಎದೆಯ ಗೂಡಿನಲ್ಲಿ,
ತಡವಾಗಿ ಕಿವಿಯಲ್ಲಿ ಹುಳಿ.
ತಂತಿಯನ್ನು ಜೋರಾಗಿ ಮೀಟಿದರೆ ತುಸು ಕುಸಿದು
ಉಸಿರು ತಗೊಂಡು ಏಳುತ್ತದೆ,
ಏರುದಾರಿ ಹತ್ತಿ ಬಂದ ಮುದುಕ
ಕೊಂಬು ಊದಿದ ಹಾಗೆ.
ಹೊಸದು ಬಾಟಲಿಯ ವಿನೆಗರ್.
ಚುರುಕು, ತೆಳು, ಮೇಲಿನ ಸ್ವರದಲ್ಲೊಂದು ಜೇನುನೊಣ.

ಹಾಗಂತಲೇ ಹೇಳಿದೆ. ಅವಳು ಮುಖ ಊದಿಸಲಿಲ್ಲ.
“ಪಂದಿಕರಿಗೆ ಎರಡೂ ಹಾಕಿ ಮಾಡಿದ್ದೇನೆ,” ಅಂದಳು,
“ತಟ್ಟೆ ಖಾಲಿಯಾಗಿಯೇ ವಾಪಸು ಬರುತ್ತದೆ.”

ಅವಳು ಚಹಾ ತರಲು ಹೋದಾಗ
ಚೀಟಿ ಬರೆಯಬೇಕಲ್ಲ ಎಂದು
ಹಳೆಯದರ ಹೊಟ್ಟೆ ಪೂರ್ತಿ ಬಿಚ್ಚಿದೆ.
ವಾಲ್ವಿನ ಗಾಜಿನ ಮೇಲೆ ಉಗುರಿಗೆ ಸಿಕ್ಕುವಷ್ಟು ಮಾಸಿದ ಅಕ್ಷರ,
ಬೆಂಗಳೂರಿನ ಕಾರ್ಖಾನೆಯದು.
ಸ್ಪೀಕರಿನ ಹರುಕಿಗೆ ಸಿಗರೇಟು ಕಾಗದ, ಗೋಂದು.
ಟ್ರಾನ್ಸ್‌ಫಾರ್ಮರಿಗೆ ಸುತ್ತಿದ್ದು
ಕನ್ನಡ ಪತ್ರಿಕೆಯ ಅರ್ಧ ಪುಟ,
ಅಂಚಿನಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಪೆನ್ಸಿಲಿನ ಓರೆ ಬರಹ:
‘ಸುಟ್ಟಿತ್ತು. ಹೊಸ ಸುತ್ತು. ಹುತ್ತರಿ ೭೮. ರ.’

ಹನ್ನೆರಡು ವರ್ಷ ಅವರ ಪಕ್ಕ ಕೂತಿದ್ದೆ.
ಒಂದು ದಿನವೂ ಇದನ್ನು ಹೇಳಿರಲಿಲ್ಲ, ಮುದುಕ.

ಚಹಾ ಆರಿತು.
ಕುಟ್ಟಪ್ಪನ ಚೀಟಿಯಲ್ಲಿ ಬರೆದೆ:
‘ಪೆಟ್ಟಿಗೆ ಒರಿಜಿನಲ್. ದನಿ ರಿಪೇರಿಯದು.’
ಎರಡು ಲಕ್ಷದಲ್ಲಿ ಎಷ್ಟು ಕಳೆಯುತ್ತಾರೋ ಕಳೆಯಲಿ.

“ನಂದಕ್ಕೆ ಏನು ಮಾಡಲಿ?” ಅಂದಳು ದೇಚು.
ಏನೂ ಬೇಡ ಮಾರಾಯ್ತಿ.
ಕಂತು ಮುಗಿಯಲಿ, ವಾರಂಟಿ ಮುಗಿಯಲಿ,
ಒಂದು ಸಲ ಸುಡಲಿ.
ಆಮೇಲೆ ತಾ.

ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಟಳು.
ಸಿದ್ದಾಪುರದ ಕೊನೆ ಬಸ್ಸಿನಲ್ಲಿ
ಕಿಟಕಿಯ ಪಕ್ಕ ಅದನ್ನು ಕೂರಿಸಿದಳಂತೆ,
ಕಂಡಕ್ಟರು ಅದಕ್ಕೂ ಅರ್ಧ ಟಿಕೀಟು ಹರಿದನಂತೆ.