ಬೆನ್ನಷ್ಟೇ ಇದ್ದವನ ಅಂಗಿ

ಬ್ಯಾಂಡಿನವರ ಕೆಂಪು ಕೋಟು, ಜರಿ ಪಟ್ಟಿ,
ಸಾಲಿ ಗ್ಯಾದರಿಂಗಿಗೆ ರಾಜ, ಮಂತ್ರಿ, ಎರಡು ಗಿಡದ ಡ್ರೆಸ್ಸು,
ಇಪ್ಪತ್ತಾರು ವರ್ಷ ಇದೇ ಮಷೀನು.
ಬಾರಾಕಮಾನಿನ ನೆರಳು ನಾಲ್ಕರ ಸುಮಾರಿಗೆ
ರಸ್ತೆ ದಾಟಿ ನನ್ನ ಕಟ್ಟಿ ಏರತದ.
ಆ ಹೊತ್ತಿಗೇ ಬಂದ ಹೂಗಾರರ ಶ್ರೀಶೈಲ,
ಕೈಯಾಗ ಮೊಬೈಲು, ಅದರಾಗ ಒಬ್ಬನ ಬೆನ್ನು.

"ಇಂಥಾದ್ದೇ ಬೇಕ್ರಿ ಮಾಮಾ."

ನೋಡಿದೆ. ಕ್ವಾಟಿ ಅಗಸಿ, ದೀವಟಿಗಿ,
ಮೊಳಕಾಲ ತನಕ ಇಳಿದ ಅಂಗಿ,
ಸೊಂಟಕ್ಕ ಬಿಗಿದ ಪಟಕಾ, ಬಣ್ಣ ಹಳೇ ಇಟ್ಟಂಗಿ.
ಎಲ್ಲಾರೂ ಹೀರೋನ ಹೊಲಸ್ತಾರ, ಇವನ್ಯಾಕ? ಅಂದೆ.
"ಹುಬ್ಬಳ್ಳ್ಯಾಗ ಆರು ಹೀರೋ ಆಗ್ಯಾರ್ರೀ,
ಪುಣೆದಾಂವ ಒಬ್ಬ ಖರೇ ಕಬ್ಬಣದಾಗೇ ಮಾಡ್ಯಾನ.
ಇವನ್ನ ಯಾರೂ ಮಾಡಿಲ್ಲ."

ಆಟದಾಗ ಇಂವ ಅಗಸಿ ಕಾಯಾಂವ.
ಹೀರೋ ಹಿಂದಿಂದ ಬರತಾನ, ಬೆಕ್ಕಿನ ಹೆಜ್ಜಿ,
ಬಾಯಿ ಮುಚ್ಚಿ ಒಂದು ಕಠಾರಿ.
ಇಂವ ಬೋರಲ ಬೀಳತಾನ.
ಮುಗೀತು.
ನಾಲ್ಕು ನೂರಾ ಹನ್ನೊಂದು ಸಲ ಕೊಂದಾನಂತ ಶ್ರೀಶೈಲ,
ಲೆಕ್ಕ ಇಟ್ಟಾನ.
ಹೆಸರೇನು ಅಂದರ, "ಇಟ್ಟಿಲ್ರೀ" ಅಂದ.

"ಮುಂದಿನ ಫೋಟೋ ತೋರಸು."
"ಮುಂದ ಇಲ್ರೀ ಮಾಮಾ."
"ಮುಂದ ಇಲ್ಲಂದ್ರ?"
"ಮಾಡಿದವರೇ ಮಾಡಿಲ್ಲ. ಬೆನ್ನಷ್ಟೇ."

ಬೆನ್ನು ಅರ್ಧ ದಿನದಾಗ ಆತು.
ನೆರಿಗಿ ಎಡಕ್ಕ ಏಳು, ಬಲಕ್ಕ ಏಳು,
ನಡುವ ಉದ್ದಕೂ ಒಂದು ಹೊಲಿಗಿ.
ಮುಂದಿನ ಪಾಲಿಗೆ ಹದಿಮೂರು ದಿನ
ಕತ್ತರಿ ಏಳಲಿಲ್ಲ.

ನಮ್ಮ ಉಸ್ತಾದ ಕಾಶೀಮಸಾಬರು ಹೇಳತಿದ್ದರು,
ಬಸಿಗಿ ಚಾ ಸುರುವಿ ಊದಿಕೋತ:
ಹಳೇ ಕಾಲದ ಅಂಗಿಗೆ ಗುಂಡಿ ಇಲ್ಲೋ ತಮ್ಮಾ, ಕಸಿ.
ನಮ್ಮವರು ಬಲಕ್ಕ ಕಟ್ಟತಿದ್ದರು, ನಿಮ್ಮವರು ಎಡಕ್ಕ,
ದೂರಿಂದನೇ ಮಂದಿ ಗುರ್ತು ಹಿಡೀತಿದ್ದರು.

ಹಿಂದಿಂದ ಬಂದಾಂವಗ ಅದು ಕಾಣೂದಿಲ್ಲ.
ಕಠಾರಿಗೆ ಬೇಕಾಗೂದೂ ಇಲ್ಲ.
ದರ್ಜಿಗೆ ಬೇಕು. ದರ್ಜಿಗೆ ಎಡ ಬಲ ಇಲ್ಲದ
ಮೈ ಹೆಂಗ ತಿಳೀಬೇಕು?

ಕರೆಂಟು ಹೋದ ಒಂದು ರಾತ್ರಿ
ಮಷೀನಿಗೆ ಒರಗಿ ಕುಂತು ವಿಚಾರ ಮಾಡಿದೆ.
ಅಗಸಿ ಕಾಯೂದಂದ್ರ ಬ್ಯಾಸರದ ಕೆಲಸ.
ಮಾರಿ ಅಂತ ಒಂದು ಇದ್ದಿದ್ದರ
ಎಲಿ ಅಡಿಕಿ ಜಗೀತಿದ್ದನೇನೋ.
ಅದಕ್ಕೇ ಒಳಗೊಂದು ಕಿಸೆ ಇಟ್ಟೆ,
ಯಾರೂ ಕೇಳಿರಲಿಲ್ಲ,
ನಾಲ್ಕು ಎಲಿ, ಒಂದು ಸುಣ್ಣದ ಡಬ್ಬಿ ಹಿಡಿಸುವಷ್ಟು.
ಕಸಿ ಎರಡೂ ಕಡೆ ಹಚ್ಚಿದೆ.
ಯಾವ ಕಡೆ ಕಟ್ಟಬೇಕು, ಅವನ ಮರ್ಜಿ.
ಪಾವತಿ ಮ್ಯಾಲ ಹೆಸರಿನ ಜಾಗಾದಾಗ
"ಅಗಸಿ ಕಾಯಾಂವ" ಅಂತ ಬರದೆ. ಅಡ್ವಾನ್ಸು ಮುನ್ನೂರು.

ಎಪ್ರಿಲ್ ತಿಂಗಳು. ಕಾಲೇಜಿನ ಹಾಲಿನ್ಯಾಗ
ಫ್ಯಾನು ಬಿಸಿಗಾಳಿ ಕಲಸಾಕ ಹತ್ತಿದ್ದವು.
ರಟ್ಟಿನ ಕತ್ತಿ, ಫೋಮಿನ ಕವಚ, ಮೂರು ಮಂದಿ ಹೀರೋ,
ಒಬ್ಬಾಕಿ ಜಡಿಗೆ ಬೆಳ್ಳಿ ಬಣ್ಣ ಹೊಡಕೊಂಡಿದ್ಲು.
ನಾ ಬಾಗಿಲದಾಗ ನಿಂತೆ.
ಶ್ರೀಶೈಲ ಭರ್ಚಿ ಹಿಡದು ಗ್ವಾಡಿಗೆ ಮಾರಿ ಮಾಡಿದ್ದ.
"ಏ, ಅಗಸ್ಯಾಂವ ನೋಡಲೇ!"
ಬೆನ್ನ ಮ್ಯಾಲೇ ಗುರ್ತು ಹಿಡದರು ಹುಡುಗರು.
ಒಬ್ಬೊಬ್ಬನೇ ಬಂದು ಚುಚ್ಚಿದ, ಫೋಟೋ ತಗಸಿಕೊಂಡ, ಹೋದ.
ಪ್ರತಿ ಸಲನೂ ಬಿದ್ದ ನಮ್ಮ ಹುಡುಗ,
ಪ್ರತಿ ಸಲನೂ ಬೋರಲ.
ನನ್ನ ಹದಿಮೂರು ದಿನ ನೆಲ ಒರಸಾಕ ಹತ್ತಿದ್ದವು.

"ಶ್ರೀಶೈಲಾ," ಅಂದೆ, ಸಣ್ಣಾಗಿ.

ತಿರುಗಿದ.
ಬಲದ ಕಸಿ ಬಿಚ್ಚಿತ್ತು. ಎಡದ್ದೂ ಬಿಚ್ಚಿತ್ತು.
ಒಳಗ ಬನೀನು, ಬೆವರಿಗೆ ತೊಯ್ದು ತೊಪ್ಪಡಿ.
"ಭಾಳ ಸೆಕಿರೀ ಮಾಮಾ," ಅಂದು
ಒಳಕಿಸೆಗೆ ಕೈ ಹಾಕಿ
ಅರ್ಧ ಬಿಸ್ಕೀಟು ಪುಡಾ ತಗದು
ನನ್ನ ಕಡೆ ಚಾಚಿದ.