ಮೊರ ಹೊತ್ತ ಐದು

ಹಸಿರು ತಲೆ ರಾಜ್ಯದ್ದು, ಹಳದಿ ತಲೆ ದೇಶದ್ದು,
ಇಷ್ಟು ಗೊತ್ತಿದ್ರೆ ಸಾಕು ಕಣ್ಲಾ
ಎಂದ ನಿಂಗಾಚಾರಿ ಭಾವ,
ಬಣ್ಣದ ಡಬ್ಬ ನನ್ನ ಕೈಗೆ ತುರುಕಿ,
ಇಂಡುವಾಳಿನಾಚೆ ಹುಣಸೆ ಬುಡದಲ್ಲಿ
ಚಕ್ಕಳಮಕ್ಕಳ ಕೂತು.
ಎದುರಿಗೆ ಮೈಸೂರು ಮೂವತ್ತೆಂಟರ ಕಲ್ಲು,
ಕ್ಷೌರಕ್ಕೆ ಕೂತ ಮುದುಕನ ಹಾಗೆ
ಅಲುಗದೆ.

ಹದಿನೇಳು ಅಳಿಸಬೇಕು,
ಇನ್ನೂರ ಎಪ್ಪತ್ತೈದು ಬರೆಯಬೇಕು.
ದಿಲ್ಲಿಯಲ್ಲಿ ಯಾರೋ ಹಾಳೆಗೆ ರುಜು ಹಾಕಿದ್ದರಂತೆ,
ಇಲ್ಲಿ ನಮಗೆ ಕಲ್ಲಿಗಿಷ್ಟು ಎಂದು ಕೂಲಿ.
ಕಬ್ಬಿನ ಗಾಡಿಗಳು ಸಾಲಾಗಿ ಬಂದವು,
ಅದೇ ಗುಂಡಿಗೆ ಅದೇ ಗಾಲಿ ಇಳಿಸಿ ಹೋದವು.
ರಸ್ತೆಗೆ ಬಡ್ತಿ ಸಿಕ್ಕ ಸುದ್ದಿ
ಎತ್ತುಗಳಿಗಿನ್ನೂ ಮುಟ್ಟಿರಲಿಲ್ಲ.

ಮಧ್ಯಾಹ್ನ ಓವರ್ಸಿಯರ್ ಉರಿಗಪ್ಪನವರು ಬಂದು
ಮಣ್ಣಲ್ಲಿ ಕಡ್ಡಿಯಾಡಿಸುತ್ತ ವಂಶಾವಳಿ ಹೇಳಿದರು:
ಎಪ್ಪತ್ತೈದು ತಾಯಿ. ಮುಂದೊಂದು ಎರಡು ಹಚ್ಚಿದರೆ ಮಗಳು.
ಬಂಟ್ವಾಳದಲ್ಲಿ ತಾಯ ಸೆರಗು ಬಿಟ್ಟು
ಮಡಿಕೇರಿಯ ಚಳಿಗೆ ಮೈ ಮುದುರಿ
ಮೈಸೂರಲ್ಲಿ ಎಲೆಯಡಿಕೆ ಹಾಕಿ
ನಮ್ಮ ಮಂಡ್ಯದಲ್ಲಿ ಕಬ್ಬು ಸಿಗಿದು
ಬೆಂಗಳೂರಲ್ಲಿ ಮತ್ತೆ ಅವ್ವನ ಕೈ ಹಿಡಿಯುತ್ತಾಳೆ.

ಗುಂಡ್ಲುಪೇಟೆ ಕಡೀದು ಸಾ?
ಅದು ಏಳ್ನೂರ ಅರವತ್ತಾರು, ಕಡಲ ದಂಡೆಯ ಅರವತ್ತಾರರ ಕೂಸು.
ಕತ್ತಲಾದರೆ ಕಾಡೊಳಗೆ ಬಾಗಿಲು ಹಾಕ್ಕೊಂಡು ಮಲಗ್ತದೆ,
ಆನೆ ಎದ್ದಿರ್ತದೆ.
ನಾಗಮಂಗಲದಿಂದ ಬರೋ ನೂರೈವತ್ತಕ್ಕೆ
ಬಾಲದಲ್ಲೊಂದು ಎ,
ನಮ್ಮ ಹೈಸ್ಕೂಲು ಮೇಷ್ಟರ ಇನಿಷಿಯಲ್ ಥರ.

ಭಾವ ತಲೆಯಾಡಿಸಿದ. ಅವನಿಗೆ ಓದು ಬಾರದು.
ಅಂಕಿಗಳನ್ನು ಅವನು ಬೇರೆ ಕಡೆಯಿಂದ ಬಲ್ಲ:
ಎರಡೆಂದರೆ ಕತ್ತು ಬಾಗಿಸಿ ಕೂತ ಬೆಳ್ಳೂರಿನ ಕೊಕ್ಕರೆ,
ಏಳೆಂದರೆ ಕುಡುಗೋಲು,
ಐದು, ತಲೆ ಮೇಲೆ ಮೊರ ಹೊತ್ತ ಬಸುರಿ ಹೆಂಗಸು.
ಕೊಕ್ಕರೆ, ಕುಡುಗೋಲು, ಬಸುರಿ.
ಕೊಕ್ಕರೆ, ಕುಡುಗೋಲು, ಬಸುರಿ.
ಹೀಗೆ ತೂಬಿನಕೆರೆ ದಾಟಿದೆವು,
ಗಣಂಗೂರಲ್ಲಿ ಟರ್ಪೆಂಟೈನ್ ಮುಗಿಯಿತು.

ವಾಪಸು ಬರುವಾಗ ಸೈಕಲ್ಲಿಂದ ನಾನೇ ಕಂಡೆ:
ಮೂವತ್ತೆಂಟರ ಕಲ್ಲಿನ ಮೇಲೆ
ಇನ್ನೂರ ಐವತ್ತೇಳು.
ಭಾವ ಇಳಿದು, ತುಂಬ ಹೊತ್ತು ನೋಡಿದ.
ಮನೆಯಲ್ಲಿ ಅಕ್ಕನಿಗೆ ಆಗ ಏಳು ತಿಂಗಳು.
ಬಸುರಿ ಮುಂದೆ ನಡೀಲಿ ಬುಡ್ಲಾ,
ಕುಡುಗೋಲು ಹಿಂದ್ಗಡೆ ಬತ್ತದೆ
ಎಂದು ಕುಂಚ ಒರೆಸಿಕೊಂಡ.

ಯಾರೂ ಕೇಳಲಿಲ್ಲ. ಮಿನಿಸ್ಟರ ಕಾರು ಹೋಯಿತು,
ಸರ್ವೆಯವರು ಮೂರುಕಾಲಿನ ದುರ್ಬೀನು ಅಲ್ಲೇ ನಿಲ್ಲಿಸಿ
ಬುತ್ತಿ ಬಿಚ್ಚಿ ಉಂಡರು.
ಯಾವ ನಾಡಿನ ರಸ್ತೆಯೋ ಒಂದು
ಹುಣಸೆ ನೆರಳಲ್ಲಿ ಒಂದು ಗಜದಷ್ಟು ಬದುಕಿತು.

ಆಮೇಲೆ ಹತ್ತು ಸಾಲಿನ ಹೆದ್ದಾರಿ ಬಂತು.
ಮೊದಲು ಹುಣಸೆ ಹೋಯಿತು, ನೆರಳು ಹೋಯಿತು,
ಜೆಸಿಬಿಯ ಹಲ್ಲಿಗೆ ಕಲ್ಲು ಬೇರುಸಮೇತ ಬಂತು.
ಕಲ್ಲಿಗೂ ಬೇರಿರುತ್ತದೆ, ಮಣ್ಣೊಳಗೆ ಅರ್ಧ ಆಳು.
ಚರಂಡಿಯಿಂದ ಎತ್ತಿ ಗಾಡಿಗೆ ಹೇರಿ
ಮನೆಗೆ ತಂದೆವು. ಬೋರ್ಡುಗಳು ಈಗ
ಎಲ್ಲಿಂದಲೋ ಹೊಳೆಯುತ್ತ ಬರುತ್ತವೆ,
ಕುಂಚದ ಕೂದಲು ಗೂಡಲ್ಲಿ ಒಣಗಿ ಮುಳ್ಳಾಗಿದೆ.

ಹಿತ್ತಲಲ್ಲಿ ಅಕ್ಕ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ.
ಹಳದಿ ಎದ್ದು ಅಡಿಯ ಹಸಿರು ಕಾಣುತ್ತಿದೆ.
ಕೊಕ್ಕರೆ ಸವೆಯಿತು. ಕುಡುಗೋಲೂ ಅಷ್ಟಕ್ಕಷ್ಟೆ.
ಮೊರ ಹೊತ್ತವಳು ಮಾತ್ರ ಇದ್ದಾಳೆ, ಯಾಕೋ ಗೊತ್ತಿಲ್ಲ,
ಬಣ್ಣ ಅಲ್ಲಿ ದಪ್ಪ ಬಿದ್ದಿರಬೇಕು.

ಮೊನ್ನೆ ಒಬ್ಬ ಹುಡುಗ ಬೈಕು ನಿಲ್ಲಿಸಿದ,
ದೊಡ್ಡ ರಸ್ತೆಗೆ ಅವನ ಎರಡು ಗಾಲಿಯನ್ನು ಬಿಡುವುದಿಲ್ಲ,
ಫೋನಿನ ನಕ್ಷೆ ಅವನನ್ನು ನಮ್ಮ ಹಿತ್ತಲಿಗೆ ತಂದಿತ್ತು.
ಮೈಸೂರು ಎಷ್ಟು ದೂರ, ಅಜ್ಜಾ?
ಭಾವ ಬೀಡಿ ಕೆಳಗಿಟ್ಟು
ಒದ್ದೆ ಕಲ್ಲನ್ನು ಅಂಗೈಲಿ ತಟ್ಟಿದ.
ಮೂವತ್ತೆಂಟು. ನಾನೇ ಬರೆದದ್ದು.
ಕಲ್ಲಿನ ಬಾಣ
ಕೋಳಿಗೂಡಿನ ಕಡೆ ತೋರಿಸುತ್ತಿತ್ತು.